ಫಿನ್ಲೆಂಡಿನ ಮನೆಯ ದೀಪ ಆರಿಸುತ್ತಿದ್ದ ಗುಂಡ್ಲುಪೇಟೆ

ಡಿಸೆಂಬರ್ ಕೊನೆಯ ವಾರದಲ್ಲಿ ಸುದ್ದಿಯೇ ಇರುವುದಿಲ್ಲ ಅಂತ ಯಾರಾದರೂ ಹೇಳಿದರೆ ಅವರನ್ನು ಸೀದಾ ನನ್ನ ಹತ್ತಿರ ಕಳಿಸಿ. ಕಚೇರಿಗಳಲ್ಲಿ ಅರ್ಧ ಕುರ್ಚಿ ಖಾಲಿ, ಸಾಹೇಬರುಗಳೆಲ್ಲ ರಜೆ ಹಾಕಿ ಊಟಿ ಕಡೆ ಮುಖ ಮಾಡಿರುತ್ತಾರೆ, ಹೊಸ ಅರಿಸಿನ ಇನ್ನೂ ಮಂಡಿಗೆ ಬಂದಿರುವುದಿಲ್ಲ. ಎಲ್ಲಾ ನಿಜ. ಆದರೆ ನನ್ನ ಇಡೀ ವೃತ್ತಿಯಲ್ಲಿ ಎದೆ ಡವಡವ ಹೊಡೆದುಕೊಂಡಿದ್ದೆಲ್ಲ ಆ ವಾರದಲ್ಲೇ. ಈಗ ಪತ್ರಿಕೆಗಳಿಗೆ ಸೇರುವ ಮಕ್ಕಳು ಮನೆಗೆ ಬಂದು, "ಸಾರ್, ಆಗೆಲ್ಲ ಕೆಲಸ ಹೆಂಗಿರ್ತಿತ್ತು?" ಅಂತ ಕೇಳುತ್ತಾರೆ. ಯಾವುದೋ ದೊಡ್ಡ ಹಗರಣ ಬಯಲಿಗೆಳೆದ ಕಥೆ ಹೇಳುತ್ತೇನೆ ಅಂತ ಪೆನ್ನು ತೆಗೆದು ಕೂತಿರುತ್ತಾರೆ, ಪಾಪ. ನಾನು ಹೇಳುವುದು ಕ್ರಿಸ್‌ಮಸ್ ತಾತನ ಗಾಡಿ, ಕುಣಿಯುವ ಕುಳ್ಳರು ಮತ್ತು ಒಂದು ಮನೆಯ ದೀಪದ ಕಥೆ.

ನಾನು ನಾಗರಾಜು. ಚಾಮರಾಜನಗರದಿಂದ ಹೊರಡುತ್ತಿದ್ದ ನಾಲ್ಕು ಪುಟದ ಒಂದು ಪುಟ್ಟ ದಿನಪತ್ರಿಕೆಗೆ ಗುಂಡ್ಲುಪೇಟೆ ವರದಿಗಾರ. ವರದಿ ಕಳಿಸುವ ರೀತಿ ಕೇಳಿದರೆ ಈಗಿನವರು ನಗುತ್ತೀರಿ. ಬರೆದ ಹಾಳೆಗಳನ್ನು ಕವರಿಗೆ ಹಾಕಿ, ಮೇಲೆ ಪತ್ರಿಕೆಯ ಹೆಸರು ಬರೆದು, ಸಾಯಂಕಾಲದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಅವನು ಅದನ್ನು ಡ್ರೈವರ್ ಮುಂದಿನ ಗಾಜಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದ. ನಗರದ, ಅಂದರೆ ಚಾಮರಾಜನಗರದ, ಬಸ್ ಸ್ಟ್ಯಾಂಡಿನಲ್ಲಿ ಆಫೀಸಿನವರು ಕಾದು ಇಸಕೊಳ್ಳುತ್ತಿದ್ದರು. ಒಂದು ಸಲ ತೆರಕಣಾಂಬಿಯಲ್ಲಿ ಬಸ್ಸು ಕೆಟ್ಟು ನಿಂತು, ಕಂಡಕ್ಟರ್ ಮಹಾಶಯ ನನ್ನ ಕವರ್ ಬಿಚ್ಚಿ ಎಲ್ಲಾ ಸುದ್ದಿಯನ್ನೂ ಪ್ರಯಾಣಿಕರಿಗೆ ಓದಿ ಹೇಳಿದ್ದ. ಮಾರನೇ ದಿನ ಪೇಪರ್ ಬರುವ ಮೊದಲೇ ತೆರಕಣಾಂಬಿಯವರಿಗೆಲ್ಲ ಗುಂಡ್ಲುಪೇಟೆ ಸಮಾಚಾರ ಗೊತ್ತು!

ನಮ್ಮ ಸಂಪಾದಕರು ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ನಿವೃತ್ತರಾಗಿ ಪತ್ರಿಕೆ ಶುರು ಮಾಡಿದರೂ ಊರೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ದೇವರು ಮೈಮೇಲೆ ಬಂತು, ಕಲ್ಲು ಹಾಲು ಕುಡೀತು ಅಂತ ಸುದ್ದಿ ತಂದರೆ ಕನ್ನಡಕ ಮೂಗಿನ ತುದಿಗೆ ಎಳೆದುಕೊಂಡು, "ಪ್ರಯೋಗ ಮಾಡಿದ್ಯೇನಯ್ಯ?" ಅನ್ನುತ್ತಿದ್ದರು. ಇಲ್ಲ ಸಾರ್ ಅಂದರೆ ಹಾಳೆ ಬುಟ್ಟಿಗೆ. ಆ ಮನುಷ್ಯನ ಕೈಕೆಳಗೆ ಕೆಲಸ ಮಾಡುವುದು ಅಂದರೆ ದಿನಾ ಪರೀಕ್ಷೆ ಬರೆದ ಹಾಗೆ. ಆದರೂ ಅವರೊಬ್ಬರೇ ನನ್ನ ಜೀವನದಲ್ಲಿ ನಾನು ಹೆದರಿ ಪ್ರೀತಿಸಿದ ಮೇಲಧಿಕಾರಿ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಎದುರು ಮಂಜುಳಾ ಅನ್ನುವ ಹೆಣ್ಣುಮಗಳು ಸೈಬರ್ ಸೆಂಟರ್ ತೆಗೆದಳು. ಮೈಸೂರಿನಲ್ಲಿ ಡಿಪ್ಲೊಮಾ ಓದಿ, ಮದುವೆಯಾಗಿ ನಮ್ಮೂರಿಗೆ ಬಂದವಳು. ಮುಂದೆ ಎಸ್‌ಟಿಡಿ ಬೂತು, ಪಕ್ಕದಲ್ಲಿ ಜೆರಾಕ್ಸು, ಒಳಗೆ ಪ್ಲೈವುಡ್ ಗೂಡುಗಳಲ್ಲಿ ಕಂಪ್ಯೂಟರು. ಇಂಟರ್ನೆಟ್ಟು ಬರುವ ಮುಂಚೆ ಆ ಮೋಡೆಮ್ ಡಬ್ಬಿ ಕೀಂ, ಕರ್ರ್, ಟೊಂಯ್ ಅಂತ ಅರಚುತ್ತಿತ್ತಲ್ಲ, ಆ ಸದ್ದು ಕೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾನು ಆಗಲೇ ತಲೆ ನೆರೆತವನು. ಮಂಜುಳಾ ಮೌಸ್ ಹಿಡಿಯುವುದು ಹೇಳಿಕೊಟ್ಟಳು, ಹಿಡಿದೆ. ಹಿಡಿದವನು ಬಿಡಲಿಲ್ಲ.

ಡಿಸೆಂಬರಿನಲ್ಲಿ ಪುಟ ತುಂಬದೆ ಮೇಷ್ಟ್ರು ತಲೆ ಕೆರೆದುಕೊಳ್ಳುವಾಗ ನಾನೇ ಹೋಗಿ, "ಸಾರ್, ಕ್ರಿಸ್‌ಮಸ್ ವಾರ ಅರ್ಧ ಪುಟ ನನಗೆ ಕೊಡಿ. ಇಂಟರ್ನೆಟ್ಟಿನ ವಿಚಿತ್ರಗಳನ್ನೆಲ್ಲ ಹುಡುಕಿ ಬರೀತೀನಿ" ಅಂದೆ. ಅವರು ಕನ್ನಡಕ ಕೆಳಗೆ ಎಳೆದರು. "ಕಣ್ಣಾರೆ ನೋಡಿದ್ದು ಮಾತ್ರ ಬರೀಬೇಕು" ಅಂದರು. ಸಿಕ್ಕಿತಲ್ಲ ಅರ್ಧ ಪುಟ! ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಒಬ್ಬನೇ ನಗುತ್ತಾ ಕೂತಿದ್ದೆ ಅಂತ ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಮೊದಲನೇ ವರ್ಷ ಹಾಕಿದ್ದು ಕ್ರಿಸ್‌ಮಸ್ ತಾತನ ಗಾಡಿಯ ಸುದ್ದಿ. ತಾತ ಜಿಂಕೆ ಗಾಡಿ ಕಟ್ಟಿಕೊಂಡು ಈಗ ಯಾವ ದೇಶದ ಮೇಲೆ ಹಾರುತ್ತಿದ್ದಾನೆ ಅಂತ ನಕ್ಷೆಯಲ್ಲಿ ತೋರಿಸುವ ಒಂದು ತಾಣವಿತ್ತು. ಪೇಪರಿನಲ್ಲಿ ಬಂದದ್ದೇ ತಡ, ನನಗೆ ದಾರಿಯಲ್ಲೆಲ್ಲ ಅದೇ ಪ್ರಶ್ನೆ. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ತನ್ನ ರೂಮಿನಿಂದಲೇ ಕೂಗಿದ. "ಅಣ್ಣೋ, ನಗರದಿಂದ ಒಂಟ ನಮ್ ಬಸ್ ಎಲ್ಲೈತೆ ಅಂತ ನನ್ಗೇ ಗೊತ್ತಾಗಕಿಲ್ಲ. ಆ ಮುದುಕನ್ ಗಾಡಿ ಎಲ್ಲೈತೆ ಅಂತ ನಿಂಗೆ ಗೊತ್ತಾಯ್ತದಾ?" ಪಕ್ಕದ ಮಲಯಾಳಿ ಬೇಕರಿಯ ಜೋಸೆಫ್ ಚೇಟ ಮಾತ್ರ ಗಂಭೀರವಾಗಿ ಬಂದು, ತಾತ ವಯನಾಡಿನ ಮೇಲೆ ಹೋಗುವುದು ಎಷ್ಟು ಹೊತ್ತಿಗೆ ಅಂತ ಕೇಳಿ ತಿಳಿದುಕೊಂಡ. ತನ್ನ ತಂಗಿಗೆ ಫೋನ್ ಮಾಡಿ ಹೇಳಬೇಕಂತೆ.

ಇನ್ನೊಂದು ವರ್ಷ ಕುಣಿಯುವ ಕುಳ್ಳರು. ಯಾರದಾದರೂ ಮುಖದ ಫೋಟೊ ಅಂಟಿಸಿದರೆ ಹಸಿರು ಚಲ್ಲಣ, ಚೂಪು ಟೋಪಿ ತೊಟ್ಟ ಕುಳ್ಳನೊಬ್ಬ ಆ ಮುಖ ಹೊತ್ತು ಥಕಥಕ ಕುಣಿಯುತ್ತಿದ್ದ. ಮಂಜುಳಾ ಸುಮ್ಮನಿರಬೇಕೋ ಬೇಡವೋ? ನಮ್ಮ ಪೇಪರಿನಿಂದಲೇ ಮೇಷ್ಟ್ರ ಮುಖ ಸ್ಕ್ಯಾನ್ ಮಾಡಿ ಅಂಟಿಸಿಬಿಟ್ಟಳು. ಅಯ್ಯಯ್ಯೋ, ಆ ಗಂಟುಮುಖ, ಆ ಕನ್ನಡಕ, ಕೆಳಗೆ ಆ ಕುಣಿತ! ಬೂತಿಗೆ ಫೋನ್ ಮಾಡಲು ಬಂದವರೆಲ್ಲ ಫೋನು ಮರೆತು ನಿಂತರು. ನಾನು ನಗುತ್ತಾ ಕಣ್ಣೊರೆಸಿಕೊಂಡು ತಿರುಗಿದರೆ ಬೆನ್ನ ಹಿಂದೆ ಸಾಕ್ಷಾತ್ ಮೇಷ್ಟ್ರು. ಯಾವುದೋ ಮದುವೆಗೆ ಬಂದವರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅವರು ಪೂರ್ತಿ ಕುಣಿತ ನೋಡಿದರು. "ಎಡಗಾಲು ತಾಳಕ್ಕೆ ಸರಿಯಾಗಿ ಬೀಳ್ತಿಲ್ಲ" ಅಂದು ಹೊರಟುಹೋದರು. ಅಷ್ಟೇ!

ಇಷ್ಟು ಪೀಠಿಕೆ. ಈಗ ದೀಪದ ವಿಷಯ.

ಎರಡು ಸಾವಿರದ ಆರೋ ಏಳೋ ಇರಬೇಕು. ಡಿಸೆಂಬರ್ ಶುರುವಿನಲ್ಲಿ ಹುಡುಕುತ್ತಾ ಹುಡುಕುತ್ತಾ ಒಂದು ತಾಣ ಸಿಕ್ಕಿತು. ಫಿನ್ಲೆಂಡ್ ದೇಶದ ಉತ್ತರದ ಕೊನೆಯಲ್ಲಿ ಒಬ್ಬ ಮುದುಕನ ಮರದ ಮನೆ. ಚಾವಣಿ ಮೇಲೆ, ಅಂಗಳದ ತುಂಬ ಹಿಮ. ಮನೆ ಮುಂದಿನ ಮರಕ್ಕೂ ಚಾವಣಿಗೂ ಸೀರಿಯಲ್ ಲೈಟು ಸುತ್ತಿದ್ದಾರೆ. ಎದುರಿಗೆ ಒಂದು ಕ್ಯಾಮೆರಾ. ಪರದೆಯ ಕೆಳಗೆ ಎರಡು ಬಟನ್ನು, ಒಂದು ದೀಪ ಹಾಕಲು, ಇನ್ನೊಂದು ಆರಿಸಲು. ಜಗತ್ತಿನಲ್ಲಿ ಯಾರು ಬೇಕಾದರೂ ಒತ್ತಬಹುದು! ನಾನು ಗುಂಡ್ಲುಪೇಟೆಯ ಪ್ಲೈವುಡ್ ಗೂಡಿನಲ್ಲಿ ಕೂತು ಬೆರಳು ಅದುಮಿದೆ. ಚಿತ್ರ ಗೆರೆಗೆರೆಯಾಗಿ ಮೇಲಿನಿಂದ ಇಳಿಯಿತು. ಮೊದಲು ಚಾವಣಿ, ಆಮೇಲೆ ಮರ, ಆಮೇಲೆ ಅಂಗಳ. ದೀಪ ಹತ್ತಿತ್ತು!

"ಮಂಜುಳಾ!" ಅಂತ ಕಿರುಚಿದೆ. "ನೋಡಮ್ಮ, ನಾನು ಹಚ್ಚಿದ್ದು! ಇಲ್ಲಿಂದ!"

"ಸಾರ್, ನಿಧಾನ, ಕುರ್ಚಿ ಮುರಿದೀರಿ" ಅಂದಳು. ಅಂದವಳು ತಾನೂ ಒತ್ತಿ ನೋಡಿದಳು.

ಕ್ರಿಸ್‌ಮಸ್ ವಾರಕ್ಕೆ ಕಾಯದೆ ಆಗಲೇ ಬರೆದೆ. ಪೇಪರಿನಲ್ಲಿ ಬಂದ ಮೇಲೆ ಸೈಬರ್ ಸೆಂಟರ್ ಮುಂದೆ ಸಂಜೆ ಹೊತ್ತು ಜಾತ್ರೆ. ನಮಗೆ ಸಂಜೆಯಾದಾಗ ಅಲ್ಲಿ ನಡು ಮಧ್ಯಾಹ್ನ, ಆದರೂ ಕಗ್ಗತ್ತಲು. ಡಿಸೆಂಬರಿನಲ್ಲಿ ಆ ಊರಿಗೆ ಸೂರ್ಯ ಹುಟ್ಟುವುದೇ ಇಲ್ಲ ಅಂತ ನಾನು ವಿವರಿಸಿದರೆ ಜನ ನನ್ನನ್ನೇ ಅನುಮಾನದಿಂದ ನೋಡಿದರು. ಆದರೆ ದೀಪ ನೋಡಿದವರು ಸುಮ್ಮನೆ ನೋಡಿಕೊಂಡು ಹೋಗಲಿಲ್ಲ. ಅದೇ ನಮ್ಮೂರಿನ ವಿಶೇಷ.

ಅಂಗಡಿಯ ಮೆಟ್ಟಿಲ ಪಕ್ಕ ಚೆಂಡುಹೂವು, ಸೇವಂತಿಗೆ ಕಟ್ಟಿ ಮಾರುತ್ತಿದ್ದವರು ಸಿದ್ದಮ್ಮ. ನನಗಿಂತ ಹಿರಿಯರು, ಬಾಯಿ ಮಾತ್ರ ಹರೆಯದ್ದು. ಮೊದಲನೇ ಸಂಜೆ ಬುಟ್ಟಿ ಎತ್ತಿಕೊಂಡು ಮನೆಗೆ ಹೊರಟವರು ಒಳಗೆ ಇಣುಕಿದರು.

"ಏನ್ಲಾ ಅದು ಪೇಪರಪ್ಪ?"

"ಫಿನ್ಲೆಂಡು ಅನ್ನೋ ದೇಶದಲ್ಲಿ ಒಬ್ಬ ತಾತನ ಮನೆ, ಸಿದ್ದಮ್ಮ. ದೀಪ ನೋಡಿ, ಇಲ್ಲಿಂದಾನೇ ಹಾಕಬಹುದು."

"ಯಾರ್ ಆಕ್ದೋರು?"

"ಯಾರೋ. ಯಾವ ದೇಶದವರೋ."

"ಆಕ್ಬುಟ್ಟು ಓಗ್ಬುಟ್ರಾ? ಆರುಸ್ನಿಲ್ವಾ?" ಸಿದ್ದಮ್ಮನ ಮುಖ ಕೆಂಪಾಯಿತು. "ಕಂಡೋರ್ ಮನೆ ಕರೆಂಟು ಅಂತ ಇಂಗಾ ಉರ್ಸೋದು? ಆ ಮುದುಕಪ್ಪ ಬಿಲ್ಲು ಕಟ್ಟೋಕೆ ಎಲ್ಲಿಗ್ ಓದಾನು? ಆರುಸ್ಬುಡವ್ವ ಮಂಜುಳವ್ವ, ಆರುಸ್ಬುಡು!"

ಮಂಜುಳಾ ಆರಿಸಿದಳು. ಸಿದ್ದಮ್ಮ ಸಮಾಧಾನವಾಗಿ ಹೊರಟರು. ಮೆಟ್ಟಿಲು ಇಳಿಯುವಷ್ಟರಲ್ಲಿ ಚಿತ್ರ ಹೊಸದಾಗಿ ಬಂತು, ದೀಪ ಮತ್ತೆ ಉರಿಯುತ್ತಿತ್ತು. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಹಾಕಿದ್ದರು.

"ಯಾವನ್ಲಾ ಅವ್ನು ಮತ್ತೆ ಆಕ್ದೋನು!"

ಆಮೇಲೆ ನಡೆದದ್ದು ಯುದ್ಧ. ಅವರು ಯಾರೋ ಹಾಕುವುದು, ನಾವು ಆರಿಸುವುದು. ವಿದ್ಯುತ್ ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ ಅಂತ ಕಾಯುವ ಊರು ನಮ್ಮದು. ಒಬ್ಬರ ಮನೆಯಲ್ಲಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೀದಿಯವನು ಕೂಡ ಒಳಗೆ ಬಂದು ಸ್ವಿಚ್ ಆಫ್ ಮಾಡಿ ಹೋಗುತ್ತಾನೆ. ಅದೇ ಅಭ್ಯಾಸ ಫಿನ್ಲೆಂಡಿಗೂ ಹೋಯಿತು. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಡ್ಯೂಟಿ ಮುಗಿಸಿ ಹೋಗುವಾಗ ಬಂದು ಆರಿಸುತ್ತಿದ್ದ. ಜೋಸೆಫ್ ಚೇಟ ಒಬ್ಬನೇ, "ಎಂದಾ ಇದು, ಕ್ರಿಸ್‌ಮಸ್ ಅಲ್ಲೇ? ಉರೀಲಿ ಬಿಡಿ" ಅಂತ ಹಾಕುತ್ತಿದ್ದ. ಅವನ ಮೇಲೆ ಸಿದ್ದಮ್ಮನಿಗೆ ಕೆಂಗಣ್ಣು. ನಾನಂತೂ ದಿನಾ ಹೊಟ್ಟೆ ಹಿಡಿದುಕೊಂಡು ನಕ್ಕು ಬರೆಯಲು ಕೂತರೆ ನಗುವಿನಲ್ಲಿ ಅಕ್ಷರ ಅಲ್ಲಾಡುತ್ತಿದ್ದವು.

ಒಂದು ಸಂಜೆ ಆ ತಾಣದಲ್ಲಿ ಚಿತ್ರದ ಕೆಳಗೆ ಹೊಸದೊಂದು ಸಾಲು ಕಾಣಿಸಿತು. ಮನೆಯ ತಾತ ಬರೆದದ್ದು; ಯಾವ ದೇಶದಿಂದ ಒತ್ತಿದರು ಅಂತ ಅವನಿಗೆ ಕಾಣುತ್ತಿತ್ತಂತೆ. 'ದಿನಾ ಒಂದೇ ಹೊತ್ತಿಗೆ ಇಂಡಿಯಾದಿಂದ ಯಾರೋ ಬಂದು ನನ್ನ ದೀಪ ಆರಿಸುತ್ತಿದ್ದಾರೆ. ಎಲ್ಲರೂ ಹಾಕಲು ಬರುತ್ತಾರೆ, ಇವರು ಮಾತ್ರ ಆರಿಸಲು. ಯಾಕೆ?'

ಅಬ್ಬಾ! ನನ್ನ ಕೂದಲು ನೆಟ್ಟಗೆ ನಿಂತವು. ನಮ್ಮೂರಿನ ಸಿದ್ದಮ್ಮನನ್ನು ಫಿನ್ಲೆಂಡ್ ಗಮನಿಸಿದೆ! ಇದಕ್ಕಿಂತ ದೊಡ್ಡ ಸುದ್ದಿ ಬೇಕಾ? ಮಂಜುಳಾಳ ಹತ್ತಿರ ಕೂತು ತಾತನಿಗೆ ಇಮೇಲ್ ಬರೆಸಿದೆ. ಇಲ್ಲಿ ಕರೆಂಟು ಅಪರೂಪ, ನಿಮ್ಮ ಬಿಲ್ಲಿನ ಚಿಂತೆಯಲ್ಲಿ ಆರಿಸುತ್ತಿದ್ದೇವೆ, ಕೋಪ ಬೇಡ ಅಂತ. ಆ ರಾತ್ರಿಯ ಬಸ್ಸಿಗೇ ವರದಿ ಕಳಿಸಿದೆ. ಮೊದಲ ಪುಟದಲ್ಲಿ ಬಂತು, ನನ್ನ ಹೆಸರಿನ ಸಮೇತ. ಪೇಪರ್ ಏಜೆಂಟ್ ಒಂಬತ್ತು ಗಂಟೆಗೇ ಪ್ರತಿ ಖಾಲಿ ಅಂತ ಕೈ ಎತ್ತಿದ.

ಮಧ್ಯಾಹ್ನ ಬೂತಿಗೆ ಫೋನು. ಮೇಷ್ಟ್ರದು.

"ನಾಗರಾಜು, ನಗರದ ಕಾಲೇಜಿನ ಉಪನ್ಯಾಸಕರೊಬ್ಬರು ಆಫೀಸಿಗೆ ಬಂದು ಕೂತಿದ್ದಾರೆ. ಆ ದೀಪ ಸುಳ್ಳು ಅಂತಾರೆ."

"ಸಾರ್, ನಾನೇ ಕಣ್ಣಾರೆ..."

"ಏನ್ ಕಣ್ಣಾರೆ? ದೀಪ ಉರಿಯೋದು ಒಂದು ಫೋಟೊ, ಉರಿಯದೇ ಇರೋದು ಇನ್ನೊಂದು ಫೋಟೊ. ಬಟನ್ ಒತ್ತಿದರೆ ಒಂದರ ಬದಲು ಒಂದು ಬರುತ್ತೆ. ಹಿಂದೆ ಬೇರೆ ಯಾವುದೋ ದೇಶದಲ್ಲಿ ಹೀಗೇ ಜನರನ್ನ ಮಂಗ ಮಾಡಿದ್ದರಂತೆ. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವನ ಪೇಪರಿನ ಮೊದಲ ಪುಟದಲ್ಲಿ ಇದು ಬಂತಲ್ಲಯ್ಯ!"

ಆ ಕಡೆಯಿಂದ ಉಸಿರು ಜೋರಾಗಿ ಕೇಳಿಸುತ್ತಿತ್ತು. ಕೋಪಕ್ಕಿಂತ ಅವಮಾನ ಜಾಸ್ತಿಯಾಗಿತ್ತು ಅವರಿಗೆ. "ಕ್ರಿಸ್‌ಮಸ್ ಹಿಂದಿನ ದಿನ ಸಾಯಂಕಾಲ ನಾನೇ ಬರ್ತೀನಿ. ನನ್ನ ಕಣ್ಣೆದುರಿಗೆ ಪ್ರಯೋಗ ಆಗಬೇಕು. ಆಗಲಿಲ್ಲ ಅಂದರೆ ಹಬ್ಬದ ದಿನದ ಪೇಪರಿನ ಮೊದಲ ಪುಟದಲ್ಲಿ ವಿಷಾದ ಹಾಕ್ತೀನಿ. ನಿನ್ನ ಹೆಸರು ಹಾಕೇ ಹಾಕ್ತೀನಿ. ಆ ಅರ್ಧ ಪುಟ ಅಲ್ಲಿಗೆ ಮುಗೀತು" ಅಂದು ಇಟ್ಟುಬಿಟ್ಟರು.

ಮಕ್ಕಳೇ, ತಪ್ಪು ಸುದ್ದಿ ಅಚ್ಚಾದಾಗ ಪತ್ರಿಕೆ ಹಾಕುವ 'ವಿಷಾದ' ಅನ್ನುವ ಮೂರಕ್ಷರದ ಕಪ್ಪು ಚೌಕ ನೋಡಿದ್ದೀರಾ? ದೊಡ್ಡ ಊರಿನಲ್ಲಿ ಅದನ್ನು ಯಾರೂ ಓದುವುದಿಲ್ಲ. ಗುಂಡ್ಲುಪೇಟೆಯಲ್ಲಿ ಅದನ್ನೇ ಮೊದಲು ಓದುತ್ತಾರೆ. ನಾಳೆಯಿಂದ ನಾನು ನೀರಿನ ಸಮಸ್ಯೆ ಬರೆದರೂ, "ಇದೂ ಫಿನ್ಲೆಂಡಾ ಅಣ್ಣ?" ಅನ್ನುತ್ತಾರೆ. ವರದಿಗಾರನಿಗೆ ಬೇರೇನಿದೆ ಆಸ್ತಿ? ಬರೆದದ್ದು ನಿಜ ಅನ್ನುವ ಒಂದು ಹೆಸರು, ಅಷ್ಟೇ ತಾನೆ? ಆದರೂ, ಸುಳ್ಳು ಹೇಳಬಾರದು, ಒಂಥರಾ ಹುರುಪು. ಬರಲಿ ಮೇಷ್ಟ್ರು. ತೋರಿಸಿಯೇ ಬಿಡುತ್ತೇನೆ!

ತಾತನ ಉತ್ತರ ಬಂದರೆ ಅರ್ಧ ಗೆದ್ದ ಹಾಗೆ ಅಂತ ದಿನಾ ಮಂಜುಳಾಳನ್ನು ಪೀಡಿಸಿದೆ. ಬರಲಿಲ್ಲ. ಇಪ್ಪತ್ತನಾಲ್ಕನೇ ತಾರೀಕು ಬಂದೇಬಿಟ್ಟಿತು. ಊಟಿ ರಸ್ತೆಯಲ್ಲೂ ಕೇರಳದ ರಸ್ತೆಯಲ್ಲೂ ಪ್ರವಾಸಿ ಗಾಡಿಗಳು ಒಂದರ ಹಿಂದೊಂದು. ಬೇಕರಿಯಿಂದ ಪ್ಲಮ್ ಕೇಕಿನ ವಾಸನೆ ಗಮ್ಮಂತ ಬರುತ್ತಿತ್ತು. ಮೇಷ್ಟ್ರ ಬಸ್ಸು ಆ ಗಾಡಿಗಳ ಮಧ್ಯೆ ಎಲ್ಲೋ ಸಿಕ್ಕಿಕೊಂಡಿತ್ತು. ಕಂಟ್ರೋಲರ್ ಅಂತೂ ಎಲ್ಲಿದೆ ಅಂತ ಗೊತ್ತಿಲ್ಲ ಅಂದ. ಆಗ ಒಳಗಿನಿಂದ ಮಂಜುಳಾ ಕೂಗಿದಳು.

"ಸಾರ್! ಬಂತು! ತಾತನ ಮೇಲ್ ಬಂತು!"

ಓಡಿದೆ. ನನ್ನ ಹಿಂದೆ ಸಿದ್ದಮ್ಮ, ಅವರ ಹಿಂದೆ ಅಂಗಡಿ ಮುಂದೆ ನಿಂತಿದ್ದವರೆಲ್ಲ. ಮಂಜುಳಾ ಇಂಗ್ಲಿಷಿನದನ್ನು ನಮ್ಮ ಮಾತಿನಲ್ಲಿ ಹೇಳುತ್ತಾ ಹೋದಳು. ತಾತನ ಹೆಸರು ಏರೋ. ಕರೆಂಟ್ ಕಂಬ ಹತ್ತುವ ಕೆಲಸ ಮಾಡಿ ನಿವೃತ್ತನಾದವನು.

"ಲೈನ್‌ಮನ್ನಾ!" ಕಂಟ್ರೋಲರ್ ಕುಣಿದಾಡಿದ. "ಅಂಗಾರೆ ಅವ್ನೆಲ್ ಬಿಲ್ ಕಟ್ಟಾನು ಬುಡಿ!"

"ತಡ್ಕೊಳ್ಳಿ ಅಣ್ಣ" ಅಂದಳು ಮಂಜುಳಾ. ಅವಳ ದನಿ ಸಣ್ಣದಾಯಿತು. "ಬಿಲ್ಲಿನ ಯೋಚನೆ ಮಾಡಿದ್ದಕ್ಕೆ ತುಂಬಾ ನಕ್ಕೆ, ಆಮೇಲೆ ಸಂತೋಷ ಆಯ್ತು ಅಂದಿದ್ದಾರೆ. ಅವರ ಊರಲ್ಲಿ ಈ ತಿಂಗಳು ಸೂರ್ಯ ಹುಟ್ಟಲ್ವಂತೆ. ಅವರು ಒಬ್ಬರೇ ಇರೋದಂತೆ. ಒಳಗೆ ಕೂತಿದ್ದಾಗ ಕಿಟಕಿ ಹೊರಗೆ ಇದ್ದಕ್ಕಿದ್ದ ಹಾಗೆ ಬೆಳಕಾದರೆ, ಯಾರೋ ಮಾತಾಡಿಸೋಕೆ ಬಂದ ಹಾಗೆ ಅನ್ಸುತ್ತಂತೆ. ಅದಕ್ಕೇ ಈ ದೀಪ ಕಟ್ಟಿದ್ದಂತೆ. ಇವತ್ತು ಅವರಿಗೆ ಹಬ್ಬದ ಮುಖ್ಯ ದಿನ. ಇವತ್ತೊಂದು ದಿನ ಆರಿಸಬೇಡಿ ಅಂತ ಕೇಳ್ಕೊಂಡಿದ್ದಾರೆ."

ಸಿದ್ದಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡರು.

"ಅಯ್ಯೋ ಶಿವನೇ, ಎಂಥ ಕೆಲ್ಸ ಮಾಡ್ಬುಟ್ಟೆ! ಅಬ್ಬದ್ ಮನೆ ದೀಪ ಆರುಸ್ಕೊಂಡ್ ಕುಂತಿದ್ನಲ್ಲಪ್ಪ ಇಷ್ಟ್ ದಿನ!" ಅವರ ಕಣ್ಣು ತುಂಬಿತ್ತು. "ಮಂಜುಳವ್ವ, ನಂಗ್ ತೋರ್ಸು, ಆಕೋದು ಯಾವ್ದು? ನಾನೇ ಆಕ್ತೀನಿ."

ಚಿತ್ರದಲ್ಲಿ ಆಗ ಕತ್ತಲಿತ್ತು. ಮಂಜುಳಾ ಕೈ ಹಿಡಿದು ತೋರಿಸಿದಳು. ಚೆಂಡುಹೂವಿನ ಹಳದಿ ಹತ್ತಿದ ಬೆರಳು ಮೌಸ್ ಒತ್ತಿತು. ಗೆರೆಗೆರೆಯಾಗಿ ಚಾವಣಿ ಬಂತು, ಮರ ಬಂತು, ಅಂಗಳ ಬಂತು. ಎಲ್ಲಾ ದೀಪ ಹತ್ತಿತ್ತು. ಯಾರೋ ಚಪ್ಪಾಳೆ ಹೊಡೆದರು. ಜೋಸೆಫ್ ಚೇಟ ಕೇಕಿನ ತಟ್ಟೆ ಹಿಡಿದು ಓಡಿಬಂದ.

ಆ ಗಲಾಟೆಯ ಮಧ್ಯೆ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಕಂಕುಳಲ್ಲಿ ಚೀಲ, ತಲೆಗೆ ಮಫ್ಲರು.

ನಾನು ಉಬ್ಬಿಹೋಗಿದ್ದೆ. "ಸಾರ್, ತಾತ ಉತ್ತರ ಬರೆದಿದ್ದಾರೆ! ಓದಿ!"

ಅವರು ನಿಂತೇ ಓದಿದರು. "ಇಮೇಲ್ ಯಾರು ಬೇಕಾದರೂ ಬರೀಬಹುದು."

"ಸಾರ್, ನಿನ್ನೆ ಮರದ ಮೇಲೆ ಹಿಮ ಇಷ್ಟಿರಲಿಲ್ಲ. ಇವತ್ತು ನೋಡಿ, ಕೊಂಬೆ ಬಗ್ಗಿದೆ."

"ಹತ್ತು ಫೋಟೊ ತೆಗೆದಿಟ್ಟುಕೊಳ್ಳೋದು ಕಷ್ಟಾನಾ?" ಮೇಷ್ಟ್ರು ಕುರ್ಚಿ ಎಳೆದು ಪರದೆಯ ಹತ್ತಿರ ಕೂತರು. "ಪ್ರಯೋಗ ಸುಲಭ. ಆ ಕಿಟಕಿ ಒಳಗಿನ ಬೆಳಕು ಹಿಮದ ಮೇಲೆ ಬಿದ್ದಿದೆ ನೋಡು. ಹೊರಗಿನ ದೀಪ ಆರಿಸಿದರೆ ಕಿಟಕಿಯ ಬೆಳಕು ಎದ್ದು ಕಾಣಬೇಕು, ಮರದ ನೆರಳು ತಿರುಗಬೇಕು. ಮತ್ತೆ ಹಾಕಿದಾಗ ವಾಪಸ್ ಬರಬೇಕು. ನಾನು ಹೇಳಿದಾಗ ಆರಿಸು, ಹೇಳಿದಾಗ ಹಾಕು. ತೆಗೆದಿಟ್ಟ ಫೋಟೊ ಆದರೆ ನಾಲ್ಕು ಸಲವೂ ಅಚ್ಚು ಒತ್ತಿದ ಹಾಗೆ ಒಂದೇ ಇರುತ್ತೆ, ನಿಜ ಆದರೆ ಒಂದೊಂದು ಸಲ ಕೂದಲೆಳೆಯಷ್ಟಾದರೂ ಬೇರೆ ಇರುತ್ತೆ. ಹೂಂ, ಆರಿಸು."

ಎಷ್ಟು ಸುಲಭ! ನನ್ನ ಹೆಸರು, ನನ್ನ ಅರ್ಧ ಪುಟ, ಎಲ್ಲಾ ಒಂದು ಬೆರಳಿನ ಕೆಲಸ. ನಾನು ಮೌಸಿಗೆ ಕೈ ಹಾಕಿದೆ. ನನ್ನ ಕೈ ಮೇಲೆ ಸಿದ್ದಮ್ಮನ ಕೈ ಬಿತ್ತು.

"ಬ್ಯಾಡ ಕಣಪ್ಪ."

"ಸಿದ್ದಮ್ಮ, ಒಂದು ನಿಮಿಷ ಅಷ್ಟೇ. ಮತ್ತೆ ಹಾಕಿಬಿಡ್ತೀನಿ. ಇಲ್ಲದಿದ್ರೆ ನನ್ನ ಮಾನ ಹೋಗುತ್ತೆ."

"ಅವ್ನು ಕೈ ಮುಗ್ದು ಕೇಳ್ಕೊಂಡವ್ನೆ, ಇವತ್ ಬ್ಯಾಡ ಅಂತ. ಅಬ್ಬದ್ ದಿನ ಒಬ್ರ ಮನೆ ದೀಪ ಆರ್ಸುದ್ರೆ ಒಳ್ಳೇದಾದಾತಾ? ನಾಳಿದ್ದು ಮಾಡು, ಬೇಕಾದಷ್ಟು ಮಾಡು."

ನಾಳಿದ್ದಿಗೆ ವಿಷಾದ ಅಚ್ಚಾಗಿ ಹಳೆಯದಾಗಿರುತ್ತದೆ. ನಾನು ಸುತ್ತ ನೋಡಿದೆ. ಮಂಜುಳಾ ತಲೆ ಬಗ್ಗಿಸಿದ್ದಳು. ಕಂಟ್ರೋಲರ್, ದಿನಾ ಬಂದು ಆರಿಸುತ್ತಿದ್ದ ಅದೇ ಪುಣ್ಯಾತ್ಮ, ಬೇಡ ಅನ್ನುವ ಹಾಗೆ ತಲೆ ಆಡಿಸಿದ. ಪರದೆಯ ಮೇಲೆ ದೀಪ ನಿಶ್ಚಿಂತೆಯಾಗಿ ಉರಿಯುತ್ತಿತ್ತು. ಆ ಕಿಟಕಿಯ ಒಳಗೆ ಒಬ್ಬ ಮುದುಕ ಕೂತು ಹೊರಗೆ ನೋಡುತ್ತಿದ್ದಾನೆ ಅಂತ ನನಗೆ ನನ್ನ ಮನೆಯಷ್ಟೇ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದು ಹೇಗೆ ಒತ್ತಲಿ? ಕೈ ತೆಗೆದೆ.

"ಆಗಲ್ಲ ಸಾರ್. ವಿಷಾದ ಹಾಕ್ಕೊಳ್ಳಿ."

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹುಚ್ಚೇನಯ್ಯ ನಿನಗೆ? ಒಂದು ಫೋಟೊಗೋಸ್ಕರ ಹೆಸರು ಕೆಡಿಸ್ಕೋತೀಯಾ?"

"ನನಗೆ ಅದು ಫೋಟೊ ಅಲ್ಲ ಸಾರ್."

"ಸರಿ. ನೀವ್ಯಾರೂ ಮಾಡಬೇಡಿ. ಪಕ್ಕಕ್ಕೆ ಸರಿಯಿರಿ, ನಾನೇ ಮಾಡ್ತೀನಿ."

ಅವರು ಕುರ್ಚಿ ಮುಂದಕ್ಕೆಳೆದು ಮೌಸ್ ಹಿಡಿದರು. ಮಂಜುಳಾ ತಡೆಯಲು ಹೋದಳು. ಸಿದ್ದಮ್ಮನೇ ಅವಳ ತೋಳು ಹಿಡಿದುಕೊಂಡರು. "ಬುಡವ್ವ, ಮಾಡ್ಲಿ. ಮೇಷ್ಟ್ರಿಗೆ ಅದು ಬರೀ ಪಟ. ಪಟದ್ ದೀಪ ಆರ್ಸುದ್ರೆ ಅವ್ರಿಗೇನು? ಆರುಸ್ರಿ ಸಾಮಿ." ಅದರಲ್ಲಿ ಕುಹಕ ಇರಲಿಲ್ಲ, ಆಣೆಗೂ ಇರಲಿಲ್ಲ. ಮನಸಾರೆ ಹೇಳಿದ್ದು.

ಮೇಷ್ಟ್ರು ಬಾಣದ ಗುರುತನ್ನು ಮೆಲ್ಲಗೆ ಆ ಬಟನ್ನಿನ ಮೇಲೆ ತಂದು ನಿಲ್ಲಿಸಿದರು. ಬೆರಳು ಮೇಲೆತ್ತಿದರು. ಹೊರಗೆ ಊಟಿ ಗಾಡಿಗಳು ಹಾರನ್ ಹೊಡೆಯುತ್ತಿದ್ದವು. ಚಿತ್ರ ಇನ್ನೊಂದು ಸಲ ಹೊಸದಾಗಿ ಇಳಿಯಿತು. ಅದೇ ಮನೆ, ಅದೇ ಮರ, ಅದೇ ಕಿಟಕಿ. ಮೇಷ್ಟ್ರು ಕಿಟಕಿಯನ್ನೇ ನೋಡುತ್ತಿದ್ದರು. ಬೆರಳು ಹಾಗೇ ಇತ್ತು. ಇಳಿಯಲಿಲ್ಲ. ಮತ್ತೆ ಚಿತ್ರ ಬಂತು, ಆಗಲೂ ಇಳಿಯಲಿಲ್ಲ.

ಅವರು ಮೌಸ್ ಬಿಟ್ಟು, ಕನ್ನಡಕ ತೆಗೆದು ಮಫ್ಲರಿನ ತುದಿಯಿಂದ ಒರೆಸಿಕೊಂಡರು. ಯಾರ ಮುಖವನ್ನೂ ನೋಡಲಿಲ್ಲ. ಎದ್ದರು.

"ಫೋನ್ ಎಲ್ಲಮ್ಮ?"

ಮಂಜುಳಾ ಬೂತಿನ ಬಾಗಿಲು ತೆಗೆದಳು. ಮೇಷ್ಟ್ರು ಆಫೀಸಿನ ನಂಬರ್ ತಿರುಗಿಸಿದರು. ಗಾಜಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಒಂದೊಂದು ಮಾತೂ ನಮಗೆ ಕೇಳಿಸುತ್ತಿತ್ತು.

"ನಾನು ಕಣಯ್ಯ. ಮೊದಲ ಪುಟದಲ್ಲಿ ಕೆಳಗೆ ಒಂದು ಚೌಕ ಇದೆಯಲ್ಲ, ಅದು ತೆಗಿ... ಹೂಂ, ವಿಷಾದದ್ದೇ... ಪ್ರಯೋಗಾನಾ? ಪ್ರಯೋಗ ಮಾಡಲಿಲ್ಲ... ಅದೆಲ್ಲ ಬಂದ ಮೇಲೆ ಹೇಳ್ತೀನಿ, ತೆಗಿ ಅಂದರೆ ತೆಗಿ... ಆ ಜಾಗಕ್ಕೆ ಏನು ಹಾಕೋದಾ?"

ಅವರು ರಿಸೀವರ್ ಕಿವಿಗೆ ಹಿಡಿದುಕೊಂಡೇ ನಮ್ಮ ಕಡೆ, ನಮ್ಮ ಹಿಂದಿನ ಪರದೆಯ ಕಡೆ ತಿರುಗಿ ನೋಡಿದರು.

"ಒಂದು ದೀಪದ ಚಿತ್ರ ಹಾಕು. ಉರೀತಿರೋದು."